ಸೇತುವೆಯ ಈಚೆ ದಂಡೆಯಲ್ಲಿ

ಬೀದರ
ಸೋಮವಾರ, 22 ಅಕ್ಟೋಬರ್ 1956

ನನ್ನ ಪೀರೋಜಾ,

ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ತಿಳಿಯುತ್ತದೆ. ಸಾಲಿಯಲ್ಲಿ ಉರ್ದು ಓದಿ, ಸಂಜೆ ನಮ್ಮ ಪಡಸಾಲೆಯಲ್ಲಿ ನಮ್ಮಪ್ಪನ ಮುಂದೆ ಒಂದೇ ಪಾಟಿಯ ಮೇಲೆ ಕನ್ನಡ ತಿದ್ದಿದವರು ನಾವು. ನಿನ್ನ 'ಳ' ಯಾವಾಗಲೂ ಮಲಗಿರುತ್ತಿತ್ತು. ಈಗಲಾದರೂ ಎದ್ದು ಕೂತಿದೆಯೋ ಇಲ್ಲವೋ ಗೊತ್ತಿಲ್ಲ.

ನಿನ್ನ ತಂದೆಗೆ, ನಮ್ಮ ಕಾಕಾನಿಗೆ, ಹುಷಾರಿಲ್ಲ. ಗಾಬರಿಯಾಗಬೇಡ ಎಂದು ಬರೆಯಲು ಹೋದೆ, ಆದರೆ ನನಗೇ ಗಾಬರಿಯಾಗಿದೆ. ದಸರೆಯ ಮುಂಚೆ ಹಿಡಿದ ಕೆಮ್ಮು ಇನ್ನೂ ಬಿಟ್ಟಿಲ್ಲ. ಕಣ್ಣಿನ ಪೊರೆ ಬಲಿತು ಈಗ ಬೆಳಕು ಮಾತ್ರ ಗೊತ್ತಾಗುತ್ತದಂತೆ. ನಮ್ಮ ಮನೆಯ ಮುಂದಿನ ಅದೇ ಎರಡು ಖೋಲಿಯಲ್ಲಿದ್ದಾರೆ. ಬಾಗಿಲ ಪಕ್ಕದ ಮಂಚ, ತಲೆಯ ಕಡೆ ದೀಪ. ಆ ದೀಪಕ್ಕೆ ಎಣ್ಣೆ ಹಾಕುವವಳು ಈಗ ನಾನೇ. ಬೆಂಕಿಗೆ ಬಾಯಿಯ ಉಸಿರು ತಾಗಬಾರದು ಎನ್ನುವ ನಿನ್ನ ತಂದೆಯ ಸಹವಾಸದಿಂದ ನನಗೂ ದೀಪ ಊದಿ ಆರಿಸಲು ಬಾಯಿ ಬರುವುದಿಲ್ಲ, ನಮ್ಮತ್ತೆ ನಗುತ್ತಾರೆ.

ನನ್ನ ಹೆದರಿಕೆಗೆ ಕಾರಣ ಕೆಮ್ಮಲ್ಲ, ನಾಯಿ. ಊಟಕ್ಕೆ ಕೂತಾಗ ಮೊದಲ ತುತ್ತು ನಾಯಿಗೆ ತೆಗೆದಿಡುವುದು ನಿಮ್ಮ ಪಾರ್ಸಿಗಳ ಪದ್ಧತಿ, ನಿನಗೆ ಹೇಳಬೇಕೆ. ಇಷ್ಟು ದಿನ ಕಾಕಾ ತಾವೇ ಎದ್ದು ಹೋಗಿ ಕಾಳ್ಯಾನಿಗೆ ರೊಟ್ಟಿ ಹಾಕಿ ಬರುತ್ತಿದ್ದರು. ಈಗ ಏಳಲಾಗುವುದಿಲ್ಲ, ನನ್ನ ಕೈಯಿಂದ ಹಾಕಿಸುತ್ತಾರೆ. ಅಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹೋದ ವಾರದಿಂದ ಹೊತ್ತಿಲ್ಲದ ಹೊತ್ತಿನಲ್ಲಿ, “ಈರಮ್ಮ, ಕಾಳ್ಯಾ ಹತ್ತಿರ ಅದನೇನು?” ಎಂದು ಕೇಳುತ್ತಾರೆ. ಸತ್ತವರ ಮುಖ ನಾಯಿ ನೋಡಬೇಕು, ಆಚೆಯ ಲೋಕದ ಸೇತುವೆಯನ್ನು ನಾಯಿಗಳೇ ಕಾಯುತ್ತವೆ ಎಂದು ನಮಗಿಬ್ಬರಿಗೂ ಅವರೇ ಹೇಳಿದ್ದು. ಹಾಗಾಗಿ ಅವರು ನಾಯಿಯ ಬಗ್ಗೆ ಕೇಳಿದಾಗಲೆಲ್ಲ ಹೋಗಲು ತಯಾರಾಗುತ್ತಿದ್ದಾರೆ ಎನ್ನಿಸುತ್ತದೆ. ಇದೆ ಕಾಕಾ, ಹೊಸ್ತಿಲಲ್ಲೇ ಮಲಗಿದೆ ಎನ್ನುತ್ತೇನೆ. ಅದು ಹೋಗಿ ಊರ ನಡುವಿನ ಚೌಬಾರದ ಹತ್ತಿರ ತಿರುಗುತ್ತಿದ್ದರೆ ಓಡಿ ಹೋಗಿ ಹಿಡಿದು ತರುತ್ತೇನೆ.

ಇನ್ನೊಂದು ಕಡೆ ಈ ರಾಜ್ಯದ ಗದ್ದಲ. ಒಂದನೇ ತಾರೀಖಿನಿಂದ ನಾವು ಮೈಸೂರಿನವರು, ಸಿಕಂದರಾಬಾದು ಆಂಧ್ರದ್ದು. ಪೇಟೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಆದರೆ ಎಲ್ಲರೂ ಎಲ್ಲವನ್ನೂ ಹೇಳುತ್ತಾರೆ. ಗಡಿಯಲ್ಲಿ ಗಾಡಿ ತಡೆಯುತ್ತಾರಂತೆ, ಚೀಟಿ ಇಲ್ಲದೆ ಹೆಣವನ್ನೂ ಬಿಡುವುದಿಲ್ಲವಂತೆ. ಮನೆಯವರು ಇದೆಲ್ಲ ಬರೀ ಗಾಳಿಸುದ್ದಿ ಎಂದು ನಗುತ್ತಾರೆ. ಸಿಕಂದರಾಬಾದಿನಲ್ಲಿರುವ ನಿನ್ನ ದೊಡ್ಡಪ್ಪನ ಮಗ ಜಾಲ್ ನಗುವವನಲ್ಲ. ಬರುವ ಭಾನುವಾರ ಕಾರು ತಂದು ಕಾಕಾನನ್ನು ಕರೆದೊಯ್ಯುತ್ತೇನೆಂದು ತಂತಿ ಕೊಟ್ಟಿದ್ದಾನೆ. ಬೀದರಿನಲ್ಲಿ ಹೆಣವನ್ನು ಹದ್ದುಗಳಿಗೆ ಬಿಡುವ ನಿಮ್ಮ ದಖ್ಮಾ ಇಲ್ಲ, ಹೂಳಿದರೆ ಭೂಮಿ ಮೈಲಿಗೆ, ಸುಟ್ಟರೆ ಬೆಂಕಿ ಮೈಲಿಗೆ ಎಂಬುದು ಅವನ ಚಿಂತೆ. ಅದು ತಪ್ಪೆಂದು ನಾನು ಹ್ಯಾಗೆ ಹೇಳಲಿ? ಪಕ್ಕದ ಸಖುಬಾಯಿ ಪಾಪ, ಬಾವಾಜಿಗೆ ಇರಲಿ ಎಂದು ಈಗಲೇ ಒಳ್ಳೆಯ ಕಟ್ಟಿಗೆ ಎತ್ತಿಟ್ಟಿದ್ದಾಳೆ. ಆಕೆಯ ಪ್ರೀತಿ ಕಂಡು ಅಳು ಬಂತು. ಚಿತೆ ಎಂದರೆ ನಿಮ್ಮವರಿಗೆ ಎಂಥ ಪಾಪ ಎಂದು ಹೇಳಲು ಬಾಯಿ ಬರದೆ ಸುಮ್ಮನೆ ಬಂದೆ.

ಆದರೆ ಪೀರೋಜಾ, ಕಾಕಾ ಅಲ್ಲಿಗೆ ಹೋದ ಮೇಲೆ ನಿನ್ನನ್ನು ಯಾರು ಒಳಗೆ ಬಿಡುತ್ತಾರೆ? ಜಾತಿಯ ಹೊರಗೆ ಮದುವೆಯಾದವಳು, ದೂರ ನಿಲ್ಲು ಎನ್ನುತ್ತಾರೆ. ತಂದೆಯ ಮುಖವನ್ನು ನೀನು ನೋಡಬೇಕೆಂದರೆ ನೋಡಬೇಕಾದದ್ದು ಇಲ್ಲಿ, ನಮ್ಮ ಮನೆಯಲ್ಲಿ, ಭಾನುವಾರದ ಒಳಗೆ. ಇದನ್ನು ಹೇಳಲಿಕ್ಕೇ ಕೂತೆ.

ನೀನು ಬರುವುದಿಲ್ಲ ಎಂದು ನನಗೆ ಗೊತ್ತು, ಯಾಕೆಂದೂ ಗೊತ್ತು. ಮರಾಠಿ ಡಾಕ್ಟರನ ಕೈ ಹಿಡಿದದ್ದಕ್ಕೆ ತಂದೆ ಬಾಗಿಲು ಹಾಕಿದರು ಎಂದು ನೀನು ತಿಳಿದಿದ್ದೀಯ. ಬೀದರಿನವರೆಲ್ಲ ಹಾಗೇ ತಿಳಿದಿದ್ದಾರೆ. ದಿನಾ ಅವರಿಗೆ ಗಂಜಿ ಕೊಡುವವಳು ನಾನು, ನನ್ನ ಮಾತು ಕೇಳು. ಅವರಿಗೆ ಉರಿದದ್ದು ಮದುವೆಗಲ್ಲ. ಹೈದರಾಬಾದಿನಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದೇನೆಂದು ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿ ಕೂತು ಬರೆದೆಯಲ್ಲ, ಗೆಳತಿಯ ಕೈಯಿಂದ ಹೈದರಾಬಾದಿನ ಅಂಚೆಗೆ ಹಾಕಿಸಿದೆಯಲ್ಲ, ಆ ಪತ್ರಗಳಿಗೆ. ನೀನು ಯಾವ ವಾರ್ಡಿನಲ್ಲಿ ಯಾವ ರೋಗಿಗೆ ಏನು ಮಾಡಿದೆ ಎಂದು ಅವರು ತಮ್ಮ ಅಬಕಾರಿ ಕಚೇರಿಯಲ್ಲೆಲ್ಲ ಓದಿ ಹೇಳಿ ಹೆಮ್ಮೆಪಟ್ಟಿದ್ದರು. ಆ ವಾರ್ಡೂ ಇರಲಿಲ್ಲ, ರೋಗಿಯೂ ಇರಲಿಲ್ಲ.

ಬೇರೆಯವರಿಗಾದರೆ ಇದೊಂದು ಹುಡುಗಾಟಿಕೆ. ನಿನ್ನ ತಂದೆಗೆ ಸುಳ್ಳೆಂದರೆ ಏನೆಂದು ಬೇವಿನ ಮರದ ಕಟ್ಟೆಯ ಮೇಲೆ ನಾವಿಬ್ಬರೂ ಕೇಳಿದ್ದೇವೆ. ಮೊದಲಿಗೆ ಇದ್ದದ್ದು ಎರಡು ಚೈತನ್ಯ, ಒಂದು ಸತ್ಯವನ್ನು ಆರಿಸಿಕೊಂಡಿತು, ಇನ್ನೊಂದು ಸುಳ್ಳನ್ನು. ಸತ್ಯದ ಕಡೆಯ ಅಹುರ ಮಜ್ದ ಈ ಲೋಕವನ್ನು ನಮ್ಮ ಕಿಲ್ಲೆಯ ಹಾಗೆ ಕಟ್ಟಿದ. ಸುಳ್ಳಿನ ಕಡೆಯ ಅಹ್ರಿಮನ್ ಆಕಾಶ ಒಡೆದು ಒಳಗೆ ನುಗ್ಗಿದ. ನೀರಿಗೆ ಉಪ್ಪು ಬಂದದ್ದು, ಗಿಡಕ್ಕೆ ಮುಳ್ಳು ಬಂದದ್ದು, ಬೆಂಕಿಗೆ ಹೊಗೆ ಸೇರಿದ್ದು ಆಗಲೇ. ಅಂದಿನಿಂದ ಲೋಕವೆಲ್ಲ ಕಲಬೆರಕೆ, ಅದನ್ನು ಮತ್ತೆ ಶುದ್ಧ ಮಾಡುವುದು ಮನುಷ್ಯನ ಕೆಲಸ. “ನಾವೆಲ್ಲಾ ಸಿಪಾಯಿ ಇದ್ದೇವಿ ಬೇಟಿ. ಒಂದು ಖರೇ ಮಾತಾಡಿದ್ರ ಆ ಕಡಿ ಒಬ್ಬ ಕಮ್ಮಿ ಆಗ್ತಾನ” ಎನ್ನುತ್ತಿದ್ದರು. ಇರಾನಿನ ಹಳೆಯ ಬಾದಶಹನೊಬ್ಬ, ವೈರಿ ಸೈನ್ಯದಿಂದ, ಬರದಿಂದ, ಸುಳ್ಳಿನಿಂದ ನನ್ನ ನಾಡನ್ನು ಕಾಪಾಡು ಎಂದು ಕಲ್ಲಿನ ಮೇಲೆ ಕೆತ್ತಿಸಿದ್ದನಂತೆ. ಅಲ್ಲಿ ಮಕ್ಕಳಿಗೆ ಕುದುರೆ ಸವಾರಿಯ ಜೊತೆಗೆ ನಿಜ ಹೇಳುವುದನ್ನೂ ಕಲಿಸುತ್ತಿದ್ದರಂತೆ. ಆಗ ನೀನು, ಮೊದಲು ಕುದುರೆ ಕೊಡಿಸು ಪಪ್ಪಾ, ಆಮೇಲೆ ನಿಜ ಹೇಳುತ್ತೇನೆ ಎಂದಿದ್ದೆ. ಅವರು ಕೆಮ್ಮು ಬರುವ ತನಕ ನಕ್ಕಿದ್ದರು.

ಅದೇ ಮನುಷ್ಯ ಔರಾದ ತಾಲೂಕಿನ ಕ್ಯಾಂಪಿನಲ್ಲಿ ಮಾಡಿದ್ದೂ ನೆನಪಿದೆಯೇ? ಟಾಂಗಾದಲ್ಲಿ ನಾವೂ ಹೋಗಿದ್ದೆವು. ಸಂತಪುರದ ಮಾಣಿಕ, ಜೋಳದ ಕಣಕಿಯ ಬಣವೆಯ ಹಿಂದೆ ದಾರೂ ಗಡಿಗೆ ಇದೆ ಸಾಹೇಬ ಎಂದು ತಾನೇ ತೋರಿಸಿದ. ಕಾಕಾ ಗಡಿಗೆ ಒಡೆದರು, ಅವನನ್ನು ಮನೆಗೆ ಕಳಿಸಿದರು. ಅವನ ಪಕ್ಕದ ಮನೆಯವನು ಮಗನ ತಲೆ ಮುಟ್ಟಿ ನನ್ನಲ್ಲಿ ಏನೂ ಇಲ್ಲ ಎಂದು ಆಣೆ ಮಾಡಿದ. ಅವನ ಹಿತ್ತಿಲಲ್ಲೂ ಗಡಿಗೆ ಸಿಕ್ಕಿತು, ಅವನನ್ನು ಮಾತ್ರ ಬೀದರ ಜೇಲಿಗೆ ಕಳಿಸಿದರು. ಅಬಕಾರಿಯವರೆಲ್ಲ ಈ ಇನ್ಸ್‌ಪೆಕ್ಟರನಿಗೆ ತಲೆ ಕೆಟ್ಟಿದೆ ಎಂದರು. ನೀನು ಮಾಣಿಕನ ಹಾಗೆ ಬಂದು ಎದುರಿಗೆ ನಿಂತರೆ ಸಾಕು ಪೀರೋಜಾ. ಗಡಿಗೆ ಒಡೆಯುತ್ತಾರೆ, ಅಷ್ಟೇ.

ಇನ್ನೊಂದು ಮಾತು. ಹೋದ ಶನಿವಾರ ಗಂಜಿ ಕುಡಿದು ಮಲಗಿದವರು ತಾವಾಗಿಯೇ ನಿನ್ನ ಹೆಸರು ಹಿಡಿದರು. “ಪೀರೋಜಾಗ ಬರ್ಲಕ್ ಹೇಳು” ಎಂದರು. ಇದಕ್ಕಿಂತ ಹೆಚ್ಚು ನಾನೇನು ಬರೆಯಲಿ?

ಸೊಲ್ಲಾಪುರದಿಂದ ಕಲ್ಯಾಣದ ಮೇಲೆ ಬಸ್ಸಿನಲ್ಲಿ ಭಾಲ್ಕಿಗೆ ಬಾ. ಅಲ್ಲಿ ಸ್ಟೇಷನ್ ಹತ್ತಿರ ನಮ್ಮಣ್ಣ ವೈಜಿನಾಥ ಇದ್ದಾನೆ, ರೈಲು ಹತ್ತಿಸುತ್ತಾನೆ. ಅವನಿಗೂ ಇವತ್ತೇ ಕಾಗದ ಹಾಕುತ್ತೇನೆ. ಪರರ ಮನೆಯ ವಿಷಯಕ್ಕೆ ಕೈ ಹಾಕಬೇಡ ಎಂದು ಮನೆಯವರು ಅಂದರು. ಕಾಕಾ ಪರರಾದದ್ದು ಯಾವಾಗ ಎಂದು ಕೇಳಿದೆ. ನಿನ್ನ ಗಂಡನನ್ನೂ ಕರೆದುಕೊಂಡು ಬಾ. ಹೊರಗೆ ಯಾವ ಗಾಡಿ ಸದ್ದು ಮಾಡಿದರೂ ಜಾಲ್ ಮೊದಲೇ ಬಂದನೇನೋ ಎಂದು ಬಾಗಿಲಿಗೆ ಓಡುತ್ತೇನೆ. ನಿಮ್ಮಲ್ಲಿ ಸತ್ತವರ ಜೀವ ಮೂರು ರಾತ್ರಿ ತಲೆಯ ಕಡೆ ಕೂತಿದ್ದು, ನಾಲ್ಕನೆಯ ಬೆಳಗಿಗೆ ಸೇತುವೆ ದಾಟುತ್ತದಂತೆ. ಅಲ್ಲಿ ಎದುರಿಗೆ ಒಬ್ಬ ಹುಡುಗಿ ಬರುತ್ತಾಳಂತೆ, ಅವರು ಬದುಕಿದ ರೀತಿಯೇ ಹೆಣ್ಣಿನ ರೂಪ ತಾಳಿ. ಅವಳನ್ನು ಅವರು ಆಮೇಲೆ ನೋಡಿಕೊಳ್ಳಲಿ. ಹೆತ್ತ ಮಗಳು ಅದಕ್ಕೆ ಮುಂಚೆ ಎದುರಿಗೆ ಬರಲಿ ಎಂಬುದೇ ನನ್ನ ಆಸೆ.

ದಾರಿ ನೋಡುತ್ತಾ ಕೂತಿರುವ,
ನಿನ್ನ ಈರಮ್ಮ

ತಾ.ಕ.: ಕಾಗದ ಮಡಚುವಾಗ, “ಯಾರಿಗಿ ಬರದಿ?” ಎಂದು ಕಾಕಾ ಕೇಳಿದರು. ಕಾಗದದ ಮೇಲೆ ಲೆಕ್ಕಣಿಕೆಯ ಸದ್ದು ಕೇಳುತ್ತಾ ಎಚ್ಚರವಾಗಿಯೇ ಇದ್ದರಂತೆ. ನಿನ್ನ ಹೆಸರು ಹೇಳಿದೆ. ಓದು ಎಂದರು. ಒಂದು ಜಾಗ ಬಿಟ್ಟು ಓದೋಣ ಎಂದುಕೊಂಡಿದ್ದೆ, ಆಗಲಿಲ್ಲ. ಪೂರ್ತಿ ಓದಿದೆ. ಆಮೇಲೆ, “ಈರಮ್ಮ, ಇದರಾಗ ಒಂದು ಸುಳ್ಳ ಅದ” ಎಂದರು. ಹೌದು ಪೀರೋಜಾ. ಶನಿವಾರ ಅವರು ನಿನ್ನ ಹೆಸರು ಹಿಡಿಯಲಿಲ್ಲ, ಏಳು ವರ್ಷದಲ್ಲಿ ಒಮ್ಮೆಯೂ ಹಿಡಿದಿಲ್ಲ. ನೀನು ಬರಲಿ ಎಂದು ನಾನೇ ಬರೆದೆ. ಆ ಸಾಲು ಹೊಡೆದುಹಾಕಲು ಹೋದೆ. “ಹೊಡಿಬ್ಯಾಡ” ಎಂದರು. ಗೋಡೆಯ ಕಡೆ ಮುಖ ಮಾಡಿ, “ಪೀರೋಜಾಗ ಬರ್ಲಕ್ ಹೇಳು” ಎಂದರು. ಇನ್ನೊಮ್ಮೆಯೂ ಅಂದರು. ಆಮೇಲೆ, ಅಬಕಾರಿ ಇನ್ಸ್‌ಪೆಕ್ಟರ್ ಅಲ್ಲವೇ, “ಈಗ ಖರೇ ಆಯ್ತು. ವಾರ ಒಂದು ತಿದ್ದು” ಎಂದರು. ಅದಕ್ಕೇ ಮೇಲೆ ಹೋದ ಶನಿವಾರ ಎಂದಿರುವಲ್ಲಿ ಇವತ್ತು ಸೋಮವಾರ ಎಂದು ಓದಿಕೋ.