ಅಪ್ಪನ ಗಾಡಿಯ ತಂತಿ

ಬನವಾಸಿ
ಬುಧವಾರ, ೭-೧೦-೧೯೫೯

ಸೌಭಾಗ್ಯವತಿ ಗೌರಕ್ಕನಿಗೆ ಅವ್ವನ ಆಶೀರ್ವಾದ.

ನಾನು ಆರಾಮ ಇದ್ದೇನೆ, ನೀವೂ ಆರಾಮ ಇರಬೇಕು ಎಂದು ಪ್ರತಿ ಸಲ ಮೊದಲಿಗೇ ಬರೆಯುತ್ತಿದ್ದೆ. ಈ ಸಲ ಬರೆಯಲಾರೆ. ಸೋಮವಾರ ನಿನ್ನ ಕಾಗದ ಬಂದಾಗಿನಿಂದ ನಾನು ಆರಾಮ ಇಲ್ಲ. ಸರಿಯಾಗಿ ಊಟ ಮಾಡಿಲ್ಲ. ಪಕ್ಕದ ಮನೆಯ ದ್ಯಾವಮ್ಮ ನನ್ನ ಮುಖ ನೋಡಿ, ನವರಾತ್ರಿಯ ಉಪವಾಸ ಹಿಡಿದಿದ್ದೀರೇನು ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಅವಳಿಗೆ ಏನೆಂದು ಹೇಳಲಿ?

ನೀನೇನೋ ಹಿಗ್ಗಿನಿಂದಲೇ ಬರೆದಿದ್ದೀ. ನಿಮ್ಮಪ್ಪನ ಇಟಲಿ ಮೋಟಾರ್ ಸೈಕಲ್ ಗಾಡಿ ಹದಿನೈದು ವರ್ಷದ ಮೇಲೆ ಬಾಯಿ ಬಿಟ್ಟಿತು, ಅದರ ಸದ್ದಿಗೆ ಸಿರ್ಸಿಯ ನಿಮ್ಮ ಓಣಿಯ ಜನವೆಲ್ಲ ಹೊರಗೆ ಬಂದರು, ತಮ್ಮ ಮಧು ಕಣ್ಣೀರು ಒರೆಸಿಕೊಂಡ ಎಂದೆಲ್ಲ. ಶ್ರಾವಣದಲ್ಲಿ ಅವನು ಎತ್ತಿನ ಗಾಡಿ ತಂದು, ನಮ್ಮ ಹಿತ್ತಲಿನಿಂದ ಆ ತುಕ್ಕಿನ ಮುದ್ದೆಯನ್ನು ಹೇರಿಕೊಂಡು ಹೋದಾಗ ನಾನು ಒಳಗೊಳಗೇ ನಕ್ಕಿದ್ದೆ. ಇದು ಈ ಜನ್ಮದಲ್ಲಿ ಏಳುವುದಿಲ್ಲ, ನಾಲ್ಕು ದಿನ ಕೈ ಮಸಿ ಮಾಡಿಕೊಂಡು ಸುಮ್ಮನಾಗುತ್ತಾನೆ ಅಂದುಕೊಂಡೆ. ಬಸ್ಸು ರಿಪೇರಿಯ ನೂರ್ ಅಹ್ಮದ್ ಸಾಹೇಬರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಟಲಿಯ ಸಾಮಾನು ಸಿಗದಿದ್ದರೆ ತಾವೇ ಅರ ಹಿಡಿದು ಉಜ್ಜಿ ಮಾಡುವ ಮನುಷ್ಯ ಸಿರ್ಸಿಯಲ್ಲಿ ಇದ್ದಾರೆಂದು ನನಗೇನು ಗೊತ್ತು? ಟ್ಯಾಂಕಿನ ಒಳಗಿನ ಇಲಿಗೂಡು ತೆಗೆದು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಬಿಚ್ಚಿ ಒಣಗಿಸಿ, ಎರಡು ತಿಂಗಳಲ್ಲಿ ಅದಕ್ಕೆ ಜೀವ ಬರಿಸಿದರಲ್ಲ, ಅವರ ಕೈಗುಣಕ್ಕೆ ನನ್ನದು ಎರಡು ಮಾತಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕಾಗದದ ಕೊನೆಯ ಎಂಟು ಸಾಲು. ಆಯುಧ ಪೂಜೆ ಆಗದೆ ಮಧು ಗಾಡಿ ಹತ್ತುವುದಿಲ್ಲವಂತೆ. ದಶಮಿಯ ಬೆಳಿಗ್ಗೆ ಮೊದಲ ಸಲ ಹತ್ತಿ, ಹಿಂದೆ ಹೆಂಡತಿ ದೇವಕ್ಕನನ್ನು ಕೂರಿಸಿಕೊಂಡು, ಸಿದ್ದಾಪುರದ ಮೇಲೆ ಹಾದು ನಿಲ್ಕುಂದಕ್ಕೆ ಹೋಗುತ್ತಾನಂತೆ. ಅಪ್ಪ ಬಿದ್ದ ತಿರುವಿನಲ್ಲಿ ಕಾಯಿ ಒಡೆದು, ಅಪ್ಪನ ಲಸಿಕೆಯ ಪೆಟ್ಟಿಗೆ ಹೊರುತ್ತಿದ್ದ ಕೆರಿಯನಿಗೆ ಬನ್ನಿ ಕೊಟ್ಟು ಬರುತ್ತಾನಂತೆ. ಐದು ತಿಂಗಳ ಬಸುರಿ ದೇವಕ್ಕ. ಅವಳೂ ಹೂಂ ಅಂದಳಂತೆ. ನೀನು ದೊಡ್ಡವಳು, ಅಲ್ಲೇ ಇದ್ದೀ, ತಮ್ಮನಿಗೆ ಒಂದು ಮಾತು ಗದರಲಿಲ್ಲವೇ?

ಅದಕ್ಕಿಂತ ಹೆಚ್ಚಿನದು ಇನ್ನೊಂದು. ಸಾಹೇಬರು ಹ್ಯಾಂಡಲಿನಿಂದ ಇಂಜಿನ್ನಿಗೆ ಹೋಗುವ ಎಕ್ಸಲೇಟರಿನ ತಂತಿ ಬದಲಿಸಲು ಹೋದರೆ ಮಧು, "ಅಪ್ಪನ ಕೈ ಮುಟ್ಟಿದ್ದು ಗಟ್ಟಿ ಇದ್ರ ತೆಗೀಬ್ಯಾಡ್ರಿ ಸಾಹೇಬ್ರ, ಅದು ಹಂಗ ಇರ್ಲಿ" ಎಂದನಂತೆ. ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚುತ್ತಾನಂತೆ.

ಈಗ ನಾನು ಹೇಳುವುದನ್ನು ಗಮನಕೊಟ್ಟು ಓದು. ಆ ಗಾಡಿಯ ಎಡಬದಿಗೆ ಇಂಜಿನ್ನಿನ ಹೊರಗೆ ಒಂದು ದೊಡ್ಡ ಉಕ್ಕಿನ ಗಾಲಿ ತಿರುಗುತ್ತದೆ. ಹೆಂಗಸರು ಎಡಕ್ಕೇ ಕಾಲು ಇಳಿಬಿಟ್ಟು ಕೂರುವುದು. ಸೆರಗೋ ನಿರಿಗೆಯೋ ಅದಕ್ಕೆ ಸಿಕ್ಕರೆ ಸೀರೆಯ ಜೊತೆಗೆ ಹೆಂಗಸನ್ನೂ ಎಳೆಯುತ್ತದೆ. ಒಂದು ಇಳಕಲ್ ಸೀರೆ ಹಾಗೆ ಹರಿದದ್ದು ನನಗೆ ಗೊತ್ತು. ಯಾರದೆಂದು ಕೇಳಬೇಡ. ದೇವಕ್ಕ ಹತ್ತಲೇಬಾರದು.

ಎರಡನೆಯದು ಆ ತಂತಿ. ಅದು ನಾಲ್ಕು ಬೆರಳು ಗಿಡ್ಡ ಇದೆ. ಹ್ಯಾಂಡಲ್ ನೆಟ್ಟಗೆ ಇರುವವರೆಗೂ ಗೊತ್ತಾಗುವುದಿಲ್ಲ. ಸಾಹೇಬರು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಯೇ ಶುರು ಮಾಡಿರುವುದರಿಂದ ಅವರಿಗೂ ತಿಳಿದಿಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಮುರಿದರೆ ಮಾತ್ರ ತಂತಿ ಬಿಗಿಯುತ್ತದೆ, ಕೈ ಹಿಂಡದಿದ್ದರೂ ಇಂಜಿನ್ನು ತಾನೇ ಜೋರಾಗುತ್ತದೆ. ನಿಧಾನ ಮಾಡಬೇಕಾದ ತಿರುವಿನಲ್ಲಿ ಗಾಡಿ ಹಾರುತ್ತದೆ. ನಿಲ್ಕುಂದದ ಆ ಇಳಿಜಾರಿನಲ್ಲಿ ಎಡಕ್ಕೆ ಅಂಥ ತಿರುವುಗಳು ಮೂರು. ನಿಮ್ಮಪ್ಪ ಇದನ್ನೆಲ್ಲ ನನಗೆ ಹೇಳುತ್ತಿದ್ದರು. ನಂಬಿಕೆ ಬಾರದಿದ್ದರೆ ಸಾಹೇಬರಿಗೆ ಹೇಳಿ, ಸ್ಟ್ಯಾಂಡಿನ ಮೇಲೆ ಗಾಡಿ ಶುರು ಮಾಡಿಸಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ನೋಡಿಸು. ಸದ್ದು ಏರುವುದು ನಿನಗೇ ಕೇಳುತ್ತದೆ.

ಮಧು ಏನೆನ್ನುತ್ತಾನೆಂದು ನನಗೆ ಗೊತ್ತು. ಅಪ್ಪ ಅದೇ ತಂತಿಯ ಮೇಲೆ ಊರೂರು ತಿರುಗಿ ಜನರ ತೋಳಿಗೆ ಸಿಡುಬಿನ ದೇವಿ ಹಾಕಿ ಬಂದರು, ಸಿಡುಬು ಎದ್ದ ವರ್ಷ ಮೂರೂರಿನ ಮಕ್ಕಳನ್ನು ಉಳಿಸಿದರು, ಆ ದಿನ ಅಡ್ಡ ಬಂದದ್ದು ಕಾಡುಕೋಣ, ಗಾಡಿಯ ತಪ್ಪಲ್ಲ, ಕಾಲು ಮುರಿದರೂ ಅಪ್ಪ ಲಸಿಕೆಯ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸಲಿಲ್ಲ ಎನ್ನುತ್ತಾನೆ. ಅವನಿಗೆ ಆಗ ಹತ್ತು ವರ್ಷ. ಈ ಕಥೆಯನ್ನು ತಟ್ಟೆಗೆ ಅನ್ನ ಹಾಕುತ್ತಾ ನೂರು ಸಲ ಹೇಳಿದವಳು ನಾನೇ. ಗೌರಿ, ಅಲ್ಲಿ ಕಾಡುಕೋಣ ಇರಲಿಲ್ಲ. ಒಂದು ಮೊಲವೂ ಇರಲಿಲ್ಲ. ಎಡ ತಿರುವು ಇತ್ತು, ಆ ತಂತಿ ಇತ್ತು. ಪೆಟ್ಟಿಗೆಯ ಮಾತು ಮಾತ್ರ ನಿಜ. ಬಿದ್ದಲ್ಲಿಂದಲೇ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು.

ತಂತಿಯ ಮಾತೂ ಹೇಳಿಬಿಡುತ್ತೇನೆ. ಆಗ ಯುದ್ಧದ ಕಾಲ, ಇಟಲಿಯಿಂದ ಸಾಮಾನು ಬರುವುದು ನಿಂತಿತ್ತು. ಗಾಡಿ ಗೋವೆಯಿಂದ ಬಂದದ್ದು. ಹಳೆಯ ತಂತಿ ತುಂಡಾದಾಗ ಗೋವೆಗೆ ಬರೆದರೆ ಅಲ್ಲಿಯೂ ಇಲ್ಲ ಎಂದರು. ನಿಲ್ಕುಂದದ ಕಡೆ ಸಿಡುಬು ಎದ್ದಿತ್ತು, ಕಾಯುವಂತಿರಲಿಲ್ಲ. ಸಿದ್ದಾಪುರದ ಸೈಕಲ್ ಅಂಗಡಿಯಿಂದ ಬ್ರೇಕಿನ ತಂತಿ ತರಿಸಿದೆವು. ನಿಮ್ಮಪ್ಪ ಪೆಟ್ಟಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು, ನಾನು ಅಂಗಳದಲ್ಲಿ ಕೂತು ತಂತಿ ಎಳೆದು ಬಿಗಿದೆ. ಮುಟ್ಟಿದರೆ ಸಾಕು ಎಂದುಕೊಂಡೆ. ಹ್ಯಾಂಡಲ್ ತಿರುಗಿಸಿ ನೋಡಬೇಕೆಂದು ಹೊಳೆಯಲಿಲ್ಲ. ಮಧು ವಿಭೂತಿ ಹಚ್ಚುತ್ತಿರುವುದು ಅಪ್ಪನ ಕೈಗೆಲಸಕ್ಕಲ್ಲ, ನನ್ನ ತಪ್ಪಿಗೆ. ಇಷ್ಟು ಅವನಿಗೆ ಓದಿ ಹೇಳು. ಅಪ್ಪ ಮುಟ್ಟಿಯೇ ಇಲ್ಲವೆಂದು ತಿಳಿದ ಮೇಲಾದರೂ ತೆಗೆಯಲು ಬಿಟ್ಟಾನು.

ನಾನೇ ಬಂದು ಹೇಳಬಹುದಿತ್ತು ಎನ್ನಬೇಡ. ಮನೆಯಲ್ಲಿ ಘಟ ಕೂರಿಸಿದೆ, ದೀಪ ಒಂಬತ್ತು ದಿನ ಆರಬಾರದು, ಎಣ್ಣೆ ಹಾಕಲು ನನ್ನ ಬಿಟ್ಟರೆ ಯಾರಿದ್ದಾರೆ? ಪೋಸ್ಟಿಗೆ ಹಾಕಿದರೆ ದಶಮಿ ಕಳೆದ ಮೇಲೆ ಬಂದರೂ ಬಂತು ಎಂದು ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ. ತಲುಪಿದ ಕೂಡಲೇ ಒಂದು ಸಾಲು ಬರೆದು ಅವನ ಕೈಯಲ್ಲೇ ಕಳಿಸು. ಅಳಿಯಂದಿರಿಗೂ ಮಕ್ಕಳಿಗೂ ಆಶೀರ್ವಾದ. ದೇವಕ್ಕನಿಗೆ ಹುಳಿ ತಿನ್ನಬೇಕೆನಿಸಿದರೆ ತಡೆಯಬೇಡ.

ನಿನ್ನ ಅವ್ವ,
ನೀಲಗಂಗವ್ವ

ತಾ.ಕ. ಕಾಗದ ಮಡಿಸಿ ಅಂಟಿಸಲು ಹೋದವಳು ಮತ್ತೆ ಬಿಚ್ಚಿದ್ದೇನೆ. ಇಷ್ಟಕ್ಕೆ ಮಧು ಜಗ್ಗುವುದಿಲ್ಲ. "ಹಿಂದ ಕುಂತಾಕಿಗೆ ಅವ್ವಗ ಏನ ಗೊತ್ತಾಗ್ತದ" ಎಂದು ನಗುತ್ತಾನೆ.

ನಾನು ಹಿಂದೆ ಕೂತಿರಲಿಲ್ಲ. ಗಾಡಿ ಹೊಡೆಯುತ್ತಿದ್ದವಳು ನಾನು.

ಅದಕ್ಕೂ ಎರಡು ವರ್ಷ ಮೊದಲೇ ನಿಮ್ಮಪ್ಪನಿಗೆ ಮಬ್ಬು ಬೆಳಕಿನಲ್ಲಿ ಕಣ್ಣು ಕಾಣುವುದು ನಿಂತಿತ್ತು. ಬಿಸಿಲೇರಿದರೆ ಲಸಿಕೆ ಕೆಡುತ್ತದೆ, ಹೊತ್ತು ಹುಟ್ಟುವ ಮೊದಲೇ ಹೊರಡಬೇಕು. ಕಣ್ಣಿನ ವಿಷಯ ಆಫೀಸಿಗೆ ತಿಳಿದರೆ ಮನೆಗೆ ಕಳಿಸುತ್ತಿದ್ದರು. ದೇವಿ ಹಾಕುವುದು ಬಿಟ್ಟರೆ ಆ ಮನುಷ್ಯ ಬದುಕುತ್ತಿರಲಿಲ್ಲ. ಸಿದ್ದಾಪುರದ ಆಚೆಯ ಕೊಯ್ದ ಗದ್ದೆಯಲ್ಲಿ ಅವರೇ ನನಗೆ ಕಲಿಸಿದರು. ಕಚ್ಚೆ ಬಿಗಿದು, ಅವರ ಉದ್ದ ಕೋಟು ಹಾಕಿ, ರುಮಾಲು ಸುತ್ತಿಕೊಂಡು ನಾನು ಹೊಡೆಯುತ್ತಿದ್ದೆ, ಅವರು ಪೆಟ್ಟಿಗೆ ಹಿಡಿದು ಹಿಂದೆ ಕೂರುತ್ತಿದ್ದರು. ಊರ ಗಡಿ ಬರುವಷ್ಟರಲ್ಲಿ ಬೆಳಗಾಗಿರುತ್ತಿತ್ತು. ಅಲ್ಲಿ ಇಳಿದು ಕೋಟು ಕೊಟ್ಟು ಜಾಗ ಬದಲಿಸುತ್ತಿದ್ದೆವು. ಹೆಂಗಸರ ತೋಳಿಗೆ ದೇವಿ ಹಾಕುವಾಗ ಜೊತೆಗೆ ಹೆಂಗಸಿರಲಿ ಎಂದು ನನ್ನನ್ನು ಕರೆತರುತ್ತಾರೆಂದೇ ಜನ ತಿಳಿದಿದ್ದರು. ಆ ದಿನ ಮೂರನೆಯ ತಿರುವಿನಲ್ಲಿ ಗಾಡಿ ನನ್ನ ಮಾತು ಕೇಳಲಿಲ್ಲ. ನನ್ನ ಮೊಣಕೈ ತರಚಿತು, ಅವರ ಕಾಲು ಎರಡು ತುಂಡಾಯಿತು. ಎದುರು ಬಂದ ಕೆರಿಯ ಮೊದಲು ನನ್ನ ತಲೆಯ ರುಮಾಲು ಬಿಚ್ಚಿ ಅವರ ತಲೆಗೆ ಇಟ್ಟ. "ನಾ ಎಂತದೂ ಕಂಡಿಲ್ಲ ಅಮ್ಮ, ಹೊತ್ತೇ ಹುಟ್ಟಿರಲಿಲ್ಲ" ಎಂದ. ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮಧುವಿಗೆ ಬೇಕಾದರೆ ಅವನನ್ನೇ ಕೇಳಲಿ, ಅವ್ವ ಹೇಳು ಎಂದಿದ್ದಾಳೆ ಎನ್ನಲಿ.

ನಿಮ್ಮಪ್ಪ ಸಾಯುವವರೆಗೆ ಕುಂಟಿದರು, ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನು ಅವರಿಗೆ ಕೊಡಬಹುದಾದದ್ದು ಆ ಕಾಡುಕೋಣದ ಕಥೆಯೊಂದೇ ಆಗಿತ್ತು. ಅದನ್ನೂ ಇವತ್ತು ಕಿತ್ತುಕೊಂಡೆ. ಮಧು ನನ್ನ ಮೇಲೆ ಸಿಟ್ಟಾಗುತ್ತಾನೆ, ಮಾತು ಬಿಟ್ಟರೂ ಬಿಟ್ಟಾನು. ಬಿಡಲಿ. ಮಾತು ಬಿಟ್ಟ ಮಗನ ಮುಖವನ್ನು ದೂರದಿಂದಾದರೂ ನೋಡುತ್ತಿರಬಹುದು.

ದೀಪವನ್ನು ದ್ಯಾವಮ್ಮನಿಗೆ ಒಪ್ಪಿಸಿ ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅಷ್ಟರೊಳಗೆ ಸಾಹೇಬರಿಗೆ ಹೇಳಿ ಉದ್ದನೆಯ ತಂತಿ ಹಾಕಿಸಿಡು. ಅದು ಹೇಗಿದೆಯೆಂದು ಮೊದಲು ನಾನು ಹೊಡೆದು ನೋಡುತ್ತೇನೆ. ಹದಿನೈದು ವರ್ಷವಾಯಿತು, ಕಾಲು ಕಿಕ್ಕರಿಗೆ ಎಟಕುತ್ತದೋ ಇಲ್ಲವೋ. ಎಡಕ್ಕೆ ಮೂರು ಸಲ ತಿರುಗಿಸಿ ನೆಟ್ಟಗೆ ತಂದು ನಿಲ್ಲಿಸಿದೆನಾದರೆ ಆಮೇಲೆ ಅವನು ಹತ್ತಲಿ.