ಬೇಕರಿ ಗೋಡೆಯ ಬಲಗಡೆ ಕೊಕ್ಕೆ

ಅಪ್ಪ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಟೀ ಫ್ಲಾಸ್ಕಿನಲ್ಲಿದೆ. ಮಂಡಿ ನೋವಿನ ಮಾತ್ರೆ ತಿಂಡಿ ಆದಮೇಲೆ, ಮೊದಲಲ್ಲ.

ಟೈಲರ್ ಅಂಗಡಿಯ ಬೋರ್ಡಿನ ವಾರ್ನಿಷ್ ಇನ್ನೂ ಹಸಿ ಇದೆ. ಒಣಗಿದೆಯಾ ಅಂತ ಮುಟ್ಟಿ ನೋಡಬೇಡ. ಹೋದ ಸಲದ ಬೋರ್ಡಿನ ಮೇಲೆ ನಿನ್ನ ಹೆಬ್ಬೆಟ್ಟು ಇವತ್ತಿಗೂ ಕಾಣುತ್ತೆ.

ನಿನ್ನೆ ಬೇಕರಿಯ ಬೋರ್ಡು ತೂಗುಹಾಕಿ ಬಂದಾಗ ನೀನು ಕೇಳಿದ್ದು ಒಂದೇ ಮಾತು: "ಮೊದಲು ಕೊಕ್ಕೆಗೆ ನೀನು ಜೋತು ಬಿದ್ದು ನೋಡಿದ್ಯಾ?" ಮೂವತ್ತು ವರ್ಷ ಪ್ರತಿ ಕೊಕ್ಕೆಗೂ ನೀನು ಹಾಗೇ ಮಾಡಿದವನು. ನಾನು, ಜೋತು ಬೀಳೋಕೆ ನಾನೇನು ಕೋತಿಯಾ ಅಂತ ರೇಗಿದೆ. ನೀನು ಊಟ ಮುಗಿಸಿ ಎದ್ದೆ. ನಿನ್ನ ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು.

ಬೆಳಕು ಹರಿಯುತ್ತಲೇ ಹೋಗಿ, ಬೇಕರಿಯವರ ಜೊತೆ ಬೋರ್ಡು ಇಳಿಸಿ, ಜೋತು ಬಿದ್ದೆ. ಎಡಗಡೆ ಕೊಕ್ಕೆ ಅಲುಗಲಿಲ್ಲ. ಬಲಗಡೆಯದು ಗಾರೆ ಸಮೇತ ಕೈಗೆ ಬಂತು. ಒಳಗೆ ಇಟ್ಟಿಗೆಯೇ ಇರಲಿಲ್ಲ, ಯಾವುದೋ ಹಳೇ ತೂತು ಮುಚ್ಚಿದ್ದರು. ಬ್ರೆಡ್ಡಿಗೆ ಜನ ಸಾಲು ನಿಲ್ಲುವುದು ಸರಿಯಾಗಿ ಅದರ ಕೆಳಗೇ. ನಿನ್ನ ಆ ಒಂದು ಮಾತು ಎಷ್ಟು ತಲೆ ಉಳಿಸಿತೋ. ಅಲ್ಲೇ ನಿಂತು ನಿನ್ನ ನೆನೆದೆ.

ಉದ್ದನೆಯ ಬೋಲ್ಟು ಒಯ್ಯಲು ಮನೆಗೆ ಬಂದಿದ್ದೆ, ಮತ್ತೆ ಹೊರಟೆ. ಹತ್ತು ಗಂಟೆಗೆ ಬೇಕರಿ ಹತ್ತಿರ ನಿಧಾನವಾಗಿ ಬಾ, ಊರುಗೋಲು ಮರೆಯಬೇಡ. ನೀನು ನೋಡದೆ ಬೋರ್ಡು ಮೇಲೆ ಹೋಗುವುದಿಲ್ಲ.

ಈ ಚೀಟಿ ಹಾರದಿರಲಿ ಅಂತ ಮೇಲೆ ಇಟ್ಟಿರುವುದು ಅದೇ ಕೊಕ್ಕೆ. ರೇಗಿದ್ದನ್ನು ಹೊಟ್ಟೆಗೆ ಹಾಕಿಕೋ.

ನಿನ್ನ ಕೋತಿ