ಬಾಲದ ಮೇಲಿನ ನಂಬರು

೧೮ ಜನವರಿ, ಭಾನುವಾರ. ದಾಂಡೇಲಿ.

ಅವ್ವ ಹೋಗಿ ತಿಂಗಳಾದ ಮೇಲೆ ಇವತ್ತು ಅಣ್ಣ ಅಜಯ ಬಂದ. ಮಣ್ಣಿಗೂ ಬಂದಿರಲಿಲ್ಲ.

ಚಹಾ ಕುಡಿಯುತ್ತ ಅವನು ನೋಡಿದ್ದು ಅವ್ವನ ಫೋಟೋ ಅಲ್ಲ, ನನ್ನ ಮೇಜಿನ ಮೇಲೆ ನಾನು ಬಿಡಿಭಾಗ ಜೋಡಿಸಿ ಮಾಡುತ್ತಿದ್ದ ಪ್ಲಾಸ್ಟಿಕ್ ಮಾದರಿ ವಿಮಾನ. ಚಿಕ್ಕಂದಿನಲ್ಲಿ ಈ ಹುಚ್ಚು ಹಿಡಿಸಿದವನೂ ಅವನೇ. ಬಾಲದ ಮೇಲಿನ ನಂಬರಿನ ಡಿಕಾಲನ್ನು, ಅಂದರೆ ತೆಳು ಪೊರೆಯಂಥ ಅಂಟುಚಿತ್ರವನ್ನು, ನಿನ್ನೆ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸಿದ್ದೆ. ಒಣಗಿದ ಮೇಲೆ ಅದರ ಸುತ್ತ ಬೆಳ್ಳಗೆ ಕಾಣುತ್ತಿತ್ತು.

"ಲೋಕ್ಯಾ, ಮೊದಲ ಹೊಳಪಿನ ವಾರ್ನಿಶ್ ಹೊಡೀಲಿಲ್ಲೇನು? ತೆಳಗ ಗಾಳಿ ಕುಂತೈತಿ."

"ಅಣ್ಣಾ, ಅವ್ವ ಕಡೀತನಕ ನಿನ್ನ ದಾರಿ ನೋಡಿದ್ಲು," ಅಂದೆ.

"ಒಂದು ಸೂಜಿ ಕೊಡು," ಅಂದ.

ಕೊಟ್ಟೆ. ಯಾಕೆ ಕೊಟ್ಟೆನೋ. ಗುಳ್ಳೆಗಳನ್ನು ಚುಚ್ಚಿ, ಡಿಕಾಲನ್ನು ಮೆತ್ತಗಾಗಿಸುವ ದ್ರಾವಣ ಸವರಿ, ಒದ್ದೆ ಬಟ್ಟೆಯಿಂದ ಹಗುರವಾಗಿ ಒತ್ತಿದ. ಅವ್ವನ ಫೋಟೋ ಕಡೆ ತಿರುಗಿಯೂ ನೋಡದೆ ಸಂಜೆಯ ಬಸ್ಸಿಗೆ ಧಾರವಾಡಕ್ಕೆ ಹೊರಟುಹೋದ.

ಈಗ ನಂಬರು ಬಣ್ಣದಲ್ಲೇ ಬರೆದಂತೆ ಕೂತಿದೆ. ಅಂಚು ಹುಡುಕಿದರೂ ಸಿಗುವುದಿಲ್ಲ. ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೀಗೆ ಕೂರಿಸಲು ಬಂದಿಲ್ಲ. ಉಗುರಿನಿಂದ ಕೆರೆದು ಹಾಕಬೇಕೆಂದು ವಿಮಾನವನ್ನು ಕೈಗೆತ್ತಿಕೊಂಡೆ. ಆಗಲಿಲ್ಲ. ಅಷ್ಟು ಚೆನ್ನಾಗಿದೆ, ಹಾಳಾದದ್ದು.